ಷೇರು ಸಂದೇಹ: ನೈಕಾ ಬೆಳೆಯುತ್ತಿದೆ, ಉಳಿಯುವುದೆಷ್ಟು?

ಪ್ರಶ್ನೆ: ಸೌಂದರ್ಯ ಸಾಮಗ್ರಿ ಮಾರುವ ನೈಕಾ ಕಂಪನಿಯ ಷೇರು 2021ರ ಐಪಿಒದಲ್ಲಿ (ಜನರಿಗೆ ಮೊದಲ ಬಾರಿ ಷೇರು ಮಾರಿದಾಗ) 1,125 ರೂ.ಗೆ ಸಿಕ್ಕಿತ್ತು. ಈಗಿನ ಬೆಲೆ ನೋಡಿದರೆ ದುಡ್ಡೆಲ್ಲ ಕರಗಿದಂತೆ ಕಾಣುತ್ತದೆ. ತಮ್ಮ ಮಾತ್ರ ಹಾಗೆ ಲೆಕ್ಕ ಹಾಕಬಾರದು ಎನ್ನುತ್ತಾನೆ.
– ಓದುಗರು, ದಾವಣಗೆರೆ

ಉತ್ತರ: ತಮ್ಮನ ಮಾತು ಸರಿ. 2022ರ ನವೆಂಬರಿನಲ್ಲಿ ಕಂಪನಿ ಒಂದಕ್ಕೆ ಐದು ಬೋನಸ್ ಷೇರು ಕೊಟ್ಟಿತು. ನಿಮ್ಮ ಒಂದು ಷೇರು ಆರಾಯಿತು. 1,125ನ್ನು ಆರರಿಂದ ಭಾಗಿಸಿದರೆ 187.50 ರೂ. ಇಂದಿನ ಬೆಲೆಯನ್ನು ಹೋಲಿಸಬೇಕಾದ್ದು ಇದರ ಜೊತೆ. ಲಿಸ್ಟಿಂಗ್ ದಿನ, ಅಂದರೆ ಷೇರುಪೇಟೆಗೆ ಬಂದ ಮೊದಲ ದಿನ, 2,000 ರೂ.ಗೆ ಕೊಂಡವರ ಅಸಲು ಸುಮಾರು 333 ರೂ.

ಮಾರುವಾಗ ಎಚ್ಚರ ಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಬೋನಸ್ ಷೇರಿನ ಅಸಲು ಸೊನ್ನೆ, ಮೂಲ ಷೇರಿನದು 1,125 ರೂ. ಷೇರು ಇಡುವ ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋಗುತ್ತದೆ. ಹಾಗಾಗಿ ಮೂಲ ಷೇರು ಮಾರಿದಾಗ ದೊಡ್ಡ ನಷ್ಟ, ಆಮೇಲೆ ಬೋನಸ್ ಮಾರಿದಾಗ ಬಂದದ್ದೆಲ್ಲ ಲಾಭ. ಎರಡನ್ನೂ ಬೇರೆ ಬೇರೆ ವರ್ಷ ಮಾರುವುದಾದರೆ ಮೊದಲ ವರ್ಷದ ರಿಟರ್ನ್ ಗಡುವಿನೊಳಗೇ ಸಲ್ಲಿಸಿ. ತಡವಾದರೆ ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲಾಗದು.

ಪ್ರಶ್ನೆ: ರಿಲಯನ್ಸ್‌ನ ಸೌಂದರ್ಯ ಮಳಿಗೆ ಟೀರಾ, ಆನ್‌ಲೈನ್ ಬಟ್ಟೆ ಅಂಗಡಿ ಮಿಂತ್ರಾ, ನಿಮಿಷಗಳಲ್ಲಿ ಸಾಮಾನು ತಲುಪಿಸುವ ಬ್ಲಿಂಕಿಟ್ ಸೇರಿ ನೈಕಾವನ್ನು ಹಿಂಡುತ್ತವೆ ಎಂದು ಗೆಳೆಯನ ವಾದ. ವರ್ಷಕ್ಕೆ ಶೇ 24ರಷ್ಟು ಬೆಳೆಯುವ ಕಂಪನಿಗೆ ಏನು ಭಯ ಎನ್ನುವುದು ನನ್ನದು.
– ಓದುಗರು, ಹುಬ್ಬಳ್ಳಿ

ಉತ್ತರ: ಬೆಳವಣಿಗೆ ನಿಜ. 2021-22ರಲ್ಲಿ ಸುಮಾರು 3,770 ಕೋಟಿ ರೂ. ಇದ್ದ ಆದಾಯ 2024-25ರಲ್ಲಿ ಸುಮಾರು 7,950 ಕೋಟಿ ಆಯಿತು. ಆದರೆ ಆ ವರ್ಷದ ನಿವ್ವಳ ಲಾಭ 70 ಕೋಟಿಯ ಆಸುಪಾಸು. ನೂರು ರೂಪಾಯಿಗೆ ಒಂದು ರೂಪಾಯಿಯೂ ಉಳಿದಿಲ್ಲ. ಹೀಗಿರುವಾಗ ಎದುರಾಳಿ ಗಿರಾಕಿಯನ್ನು ಪೂರ್ತಿ ಕಿತ್ತುಕೊಳ್ಳಬೇಕಿಲ್ಲ. ರಿಯಾಯಿತಿಗೋ ಜಾಹೀರಾತಿಗೋ ನೂರಕ್ಕೆ ಇನ್ನೊಂದು ರೂಪಾಯಿ ಖರ್ಚು ಮಾಡಿಸಿದರೆ ಲಾಭದ ಬಹುಪಾಲು ಕರಗಿತು.

ನೈಕಾದ ಬಲ ದಾಸ್ತಾನಿನಲ್ಲಿದೆ. ಸೌಂದರ್ಯ ಸಾಮಗ್ರಿಯನ್ನು ಹೆಚ್ಚಾಗಿ ತಾನೇ ಕೊಂಡು ತನ್ನ ಗೋದಾಮಿನಿಂದ ಕಳಿಸುವುದರಿಂದ ನಕಲಿ ಮಾಲಿನ ಭಯ ಕಡಿಮೆ. ವಿದೇಶಿ ಹೂಡಿಕೆಯ ನಿಯಮದಿಂದಾಗಿ ವಿದೇಶಿ ಒಡೆತನದ ಅಮೆಜಾನ್, ಮಿಂತ್ರಾಗಳು ಹೀಗೆ ದಾಸ್ತಾನು ಇಟ್ಟುಕೊಂಡು ಗಿರಾಕಿಗೆ ಮಾರುವಂತಿಲ್ಲ. ಬೇರೆ ಮಾರಾಟಗಾರರಿಗೆ ಜಾಗ ಕೊಡಬೇಕಷ್ಟೇ. 2023ರಲ್ಲಿ ಬಂದ ಟೀರಾಕ್ಕೆ ಈ ಅಡ್ಡಿಯಿಲ್ಲ. ಬ್ಲಿಂಕಿಟ್‌ನ ಒಡೆತನವಿರುವ ಎಟರ್ನಲ್ ಕೂಡ 2025ರಲ್ಲಿ ವಿದೇಶಿ ಪಾಲಿಗೆ ಶೇ 49.5ರ ಮಿತಿ ಹಾಕಿಕೊಂಡು ದಾಸ್ತಾನಿನ ದಾರಿ ತೆರೆದುಕೊಂಡಿತು. ಹಾಗಾಗಿ ಗೆಳೆಯನ ಪಟ್ಟಿಯಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಎರಡಕ್ಕೆ.

ಅದರಲ್ಲೂ ಬ್ಲಿಂಕಿಟ್‌ನದು ಸೂಕ್ಷ್ಮ ಪೆಟ್ಟು. ಮೈಬಣ್ಣಕ್ಕೆ ಹೊಂದುವ ಫೌಂಡೇಶನ್ ಹುಡುಕುವವರಿಗೆ ಹತ್ತಾರು ಶೇಡ್ ಬೇಕು, ಹತ್ತು ನಿಮಿಷದ ಅವಸರವಿಲ್ಲ. ಮುಗಿದ ಫೇಸ್‌ವಾಶ್, ಸನ್‌ಸ್ಕ್ರೀನ್ ಹಾಗಲ್ಲ. ಅಂಥ ಮರುಖರೀದಿಗೆ ಜಾಹೀರಾತಿನ ಖರ್ಚು ತೀರ ಕಡಿಮೆ, ಲಾಭ ಹುಟ್ಟುವುದೇ ಅಲ್ಲಿ. ಅದು ಕೈಬಿಟ್ಟರೆ ದುಬಾರಿ ಖರ್ಚಿನ ಹೊಸ ಗಿರಾಕಿ ಮಾತ್ರ ಉಳಿಯುತ್ತಾರೆ.

ಪ್ರಶ್ನೆ: ತ್ರೈಮಾಸಿಕ ಫಲಿತಾಂಶದಲ್ಲಿ ಏನು ನೋಡಬೇಕು? ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಸಾಲದೇ?
– ಓದುಗರು, ಮಂಗಳೂರು

ಉತ್ತರ: ಸಾಲದು. ಈಗಿನ ಲೆಕ್ಕಪದ್ಧತಿಯಲ್ಲಿ ಮಳಿಗೆ, ಗೋದಾಮುಗಳ ದೀರ್ಘಾವಧಿ ಬಾಡಿಗೆಯ ಬಹುಪಾಲು ಸವಕಳಿ ಮತ್ತು ಬಡ್ಡಿಯ ಸಾಲಿಗೆ ಹೋಗುತ್ತದೆ. ಎಬಿಟ್ಡಾದಲ್ಲಿ ಕಳೆದಿರುವುದೇ ಇಲ್ಲ. ವಾರ್ಷಿಕ ವರದಿಯ ನಗದು ಹರಿವಿನ ಪುಟ ತೆಗೆಯಿರಿ. ವ್ಯವಹಾರದಿಂದ ಬಂದ ನಗದಿನಿಂದ, ಕೆಳಗೆ ಹಣಕಾಸು ವಿಭಾಗದಲ್ಲಿರುವ ಲೀಸ್ (ದೀರ್ಘಾವಧಿ ಬಾಡಿಗೆ) ಪಾವತಿಯನ್ನೂ ಹೊಸ ಆಸ್ತಿಗೆ ಹಾಕಿದ ಹಣವನ್ನೂ ಕಳೆಯಿರಿ. ಉಳಿದದ್ದು ಆ ವರ್ಷ ನಿಜವಾಗಿ ಕೈಗುಳಿದ ದುಡ್ಡು.

ಜಿಎಂವಿ (ಮಾರಿದ ಮಾಲಿನ ಒಟ್ಟು ಮೌಲ್ಯ) ಎಂಬ ದೊಡ್ಡ ಅಂಕಿಯಲ್ಲಿ ತೆರಿಗೆ, ರಿಯಾಯಿತಿಗಳೆಲ್ಲ ಸೇರಿರುತ್ತವೆ, ಆದಾಯವನ್ನೇ ನೋಡಿ. ಸೌಂದರ್ಯ ಮತ್ತು ಫ್ಯಾಶನ್ ವಿಭಾಗಗಳನ್ನು ಬೇರೆಬೇರೆಯಾಗಿ ಓದಿ. ದಾಸ್ತಾನು ಮಾರಾಟಕ್ಕಿಂತ ವೇಗವಾಗಿ ಏರುತ್ತಿದ್ದರೆ ಅನುಮಾನಿಸಿ: ಕ್ರೀಮು, ಲಿಪ್‌ಸ್ಟಿಕ್‌ಗಳಿಗೆ ಅವಧಿ ಮುಗಿಯುವ ತಾರೀಖಿದೆ, ಅದು ಹತ್ತಿರವಾದಂತೆ ಬೆಲೆ ಇಳಿಸಿ ಖಾಲಿ ಮಾಡಲೇಬೇಕಾಗುತ್ತದೆ.