ಸೂಜಿ ಎಂಟಕ್ಕೆ, ಊಟ ಹತ್ತಕ್ಕೆ

ಇವರನ್ನು ಸರೋಜಮ್ಮ ಅನ್ನೋಣ. ನಿಜವಾದ ಹೆಸರು ಅದಲ್ಲ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ವಯಸ್ಸು 51. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯವರು. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಗಂಡುಮಕ್ಕಳು. ಆಹಾರ ಸಲಹೆಗೆ ಅಂತ ನನ್ನ ಹತ್ತಿರ ಮೊದಲ ಸಲ ಬಂದಾಗ ಬಳೆಗಳನ್ನು ಮೊಣಕೈ ಹತ್ತಿರಕ್ಕೆ ಏರಿಸಿಕೊಂಡಿದ್ದರು. ಕೆಳಗೆ ಬಿಟ್ಟರೆ ಪಾತ್ರೆ ತೊಳೆಯುವಾಗ ಜಾರಿ ಬೀಳುತ್ತಿದ್ದವಂತೆ.

ಐದು ತಿಂಗಳಲ್ಲಿ 61 ಕಿಲೋದಿಂದ 47ಕ್ಕೆ ಇಳಿದಿದ್ದರು. ಊರಲ್ಲಿ ಟಿಬಿ ಅಂದರು, ಅದಕ್ಕಿಂತ ಕೆಟ್ಟದ್ದನ್ನೂ ಅಂದರು. ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿದಾಗ ಸಿಕ್ಕಿದ್ದು ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿ 13 ದಾಟಿತ್ತು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಅದು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಇನ್ಸುಲಿನ್ ಶುರುವಾಯಿತು. ಬಾಟಲಿ ಮೇಲೆ 30/70 ಅಂತ ಇರುತ್ತದಲ್ಲ, ಬೇಗ ಕೆಲಸ ಮಾಡುವುದು, ನಿಧಾನವಾಗಿ ಮಾಡುವುದು ಎರಡೂ ಸೇರಿದ ಆ ಮಿಶ್ರ ಬಗೆಯದು.

ಆರು ವಾರ ಕಳೆದರೂ ತೂಕ ಒಂದು ಕಿಲೋ ಕೂಡ ಸರಿಯಾಗಿ ಏರಿರಲಿಲ್ಲ. "ಸೂಜಿ ಹಾಕ್ಕೊಂಡ್ಮೇಲೆ ಇನ್ನೂ ಸುಸ್ತು ಮೇಡಂ. ನಿಲ್ಲಿಸಿಬಿಡ್ಲಾ?" ಅಂತ ಕೇಳಿದರು.

ತಪ್ಪು ಮೊದಲು ನನ್ನದೇ. ಅಚ್ಚು ಹಾಕಿಸಿದ ಆಹಾರ ಪಟ್ಟಿಯೊಂದನ್ನು ಕೈಗೆ ಕೊಟ್ಟೆ. ಅದರಲ್ಲಿ ಓಟ್ಸ್ ಇತ್ತು, ಸಲಾಡ್ ಇತ್ತು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. ಆ ಮಡಿಕೆ ನೋಡಿದಾಗಲೇ ಗೊತ್ತಾಯಿತು, ಇದು ಇನ್ನು ಹೊರಗೆ ಬರುವುದಿಲ್ಲ ಅಂತ. ಪಟ್ಟಿ ಬಿಟ್ಟು ಬೇರೆ ಪ್ರಶ್ನೆ ಕೇಳಿದೆ. ನಿನ್ನೆ ರಾತ್ರಿ ಏನೇನಾಯಿತು, ಗಂಟೆ ಸಮೇತ ಹೇಳಿ.

ಎಂಟಕ್ಕೆ ಸೂಜಿ. ಆಮೇಲೆ ಮುದ್ದೆಗೆ ಎಸರಿಡುವುದು. ಒಂಬತ್ತಕ್ಕೆ ಅತ್ತೆಗೆ, ಗಂಡನಿಗೆ, ಮಕ್ಕಳಿಗೆ ಬಡಿಸುವುದು. ಅಡುಗೆಮನೆ ಒರೆಸಿ ತಾವು ಕೂರುವಾಗ ಹತ್ತಾಗಿರುತ್ತದೆ. ಅಷ್ಟರಲ್ಲಿ ಸಾರಿನ ಕಾಳೆಲ್ಲ ಖಾಲಿ, ಉಳಿದಿರುವುದು ತಿಳಿ. ನಿಂಬೆಹಣ್ಣಿನ ಗಾತ್ರದ ಮುದ್ದೆ ಸಾಕು ಅಂದುಕೊಳ್ಳುತ್ತಿದ್ದರು, ಶುಗರ್ ಏರಬಾರದಲ್ವಾ. ಬಡಿಸುವಾಗಲೇ ಕೈ ನಡುಗುತ್ತಿತ್ತು. ರಾತ್ರಿ ಮೂರಕ್ಕೆ ಬೆವರಿ, ಎದೆ ಹೊಡೆದುಕೊಂಡು ಎಚ್ಚರ. ಕತ್ತಲಲ್ಲೇ ಒಂದು ಹಿಡಿ ಬೆಲ್ಲ, ಮಿಕ್ಕ ಅನ್ನ. ಬೆಳಿಗ್ಗೆ ನೋಡಿದರೆ ಶುಗರ್ 240. "ಇಷ್ಟು ಕಮ್ಮಿ ತಿಂದ್ರೂ 240" ಅಂತ ಹೆದರಿ ಮರುದಿನ ಇನ್ನೂ ಕಡಿಮೆ ತಿನ್ನುವುದು.

ಆ ವಾರ ರಾತ್ರಿ ಬೆವರಿದಾಗ ಮೊದಲು ಬೆರಳು ಚುಚ್ಚಿ ನೋಡಿ, ಆಮೇಲೆ ಸಕ್ಕರೆ ತಿನ್ನಿ ಅಂದೆ. ನೋಡಿದರು, 58 ಇತ್ತು. 70ಕ್ಕಿಂತ ಕಡಿಮೆ ಅಂದರೆ ಅಪಾಯ. ಅಳತೆ ವೈದ್ಯರಿಗೆ ತೋರಿಸಿದೆವು, ಅವರು ರಾತ್ರಿಯ ಪ್ರಮಾಣ ತಗ್ಗಿಸಿದರು. ಯೂನಿಟ್ ಏರಿಸುವುದು, ಇಳಿಸುವುದು ಅವರ ಕೆಲಸ. ನನ್ನದೂ ಅಲ್ಲ, ಸರೋಜಮ್ಮನವರದೂ ಅಲ್ಲ.

ತೂಕ ಯಾಕೆ ಇಳಿದಿತ್ತು ಅನ್ನುವುದನ್ನು ತೂತು ಬಿಂದಿಗೆ ಲೆಕ್ಕದಲ್ಲಿ ಹೇಳಿದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರದಲ್ಲಿ ಹೋಗತೊಡಗುತ್ತದೆ. ಕಾಯಿಲೆ ಕೈಮೀರಿದಾಗ ದಿನಕ್ಕೆ 100 ಗ್ರಾಂ ಕೂಡ ಹೋಗಬಹುದು. ಅಂದರೆ 400 ಕ್ಯಾಲೊರಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲೂ ಅಷ್ಟಿಲ್ಲ. ತಿಂದದ್ದು ಮೈಗೆ ಹತ್ತದೆ ಹೊರಗೆ ಹೋಗುತ್ತಿತ್ತು, ಮೈ ತನ್ನ ಕೊಬ್ಬು, ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತಿತ್ತು. ಇನ್ಸುಲಿನ್ ಆ ತೂತು ಮುಚ್ಚುತ್ತದೆ. ಆದರೆ ಬಿಂದಿಗೆಗೆ ನೀರೇ ಹಾಕದಿದ್ದರೆ?

ಎರಡನೇ ಸಲ ಯಜಮಾನರನ್ನೂ ಕರೆಸಿದೆ. ಎಲ್ಲ ಕೇಳಿ ಅವರು ಅಂದದ್ದು ಒಂದೇ ಮಾತು: "ಮೊದ್ಲು ತಿನ್ನಬೇಡ ಅಂತ ನಾವ್ಯಾರಾದ್ರೂ ಅಂದಿದ್ವಾ?" ನಿಜ, ಯಾರೂ ಅಂದಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅನ್ನುವ ಅಗತ್ಯವೇ ಬಿದ್ದಿರಲಿಲ್ಲ. ನಾನು ವಾದಕ್ಕೆ ಇಳಿಯಲಿಲ್ಲ. ಇದು ಔಷಧಿಯ ಸಮಯ, ಮರ್ಯಾದೆಯ ಪ್ರಶ್ನೆ ಅಲ್ಲ ಅಂದೆ. ಈ ಬಗೆಯ ಇನ್ಸುಲಿನ್ ಹಾಕಿದ ಅರ್ಧ ಗಂಟೆಗೆ ತಟ್ಟೆ ಮುಂದಿರಬೇಕು.

ಗಡಿಯಾರದ ಬದಲು ಒಲೆಯನ್ನೇ ಗುರುತು ಮಾಡಿಕೊಂಡೆವು. ಎಸರಿಗೆ ಹಿಟ್ಟು ಬಿದ್ದಾಗ ಸೂಜಿ. ಹಿಟ್ಟು ಬೆಂದು, ತಿರುವಿ, ಮುದ್ದೆ ಕಟ್ಟುವಷ್ಟರಲ್ಲಿ ಅರ್ಧ ಗಂಟೆ. ಮೊದಲ ಮುದ್ದೆ ಅವರ ತಟ್ಟೆಗೆ. ಉಳಿದವರು ಜೊತೆಗೆ ಕೂತರೆ ಒಳ್ಳೆಯದು, ಇಲ್ಲದಿದ್ದರೆ ತಾವೇ ಬಡಿಸಿಕೊಳ್ಳಲಿ.

ಊಟದಲ್ಲಿ ಹೊಸದೇನೂ ತರಿಸಲಿಲ್ಲ. ರಾಗಿಯಲ್ಲಿ ಸಕ್ಕರೆ ಅಂಶವೇ ಇಲ್ಲ ಅನ್ನುವ ನಂಬಿಕೆ ಬಿಡಬೇಕು, ಗಂಜಿ ಮಾಡಿ ಕುಡಿದರೆ ಬೇಗ ಏರುತ್ತದೆ. ಹಾಗಂತ ಹೆದರಿ ಬಿಡಬೇಕಾಗಿಯೂ ಇಲ್ಲ. ಮುಷ್ಟಿ ಗಾತ್ರದ ಒಂದು ಮುದ್ದೆ, ದಿನಾ ಹೆಚ್ಚುಕಡಿಮೆ ಅಷ್ಟೇ. ಸಾರಿನಲ್ಲಿ ತಿಳಿ ಅಲ್ಲ, ಕಾಳು ಅವರಿಗೆ ಮೊದಲು. ಹುರುಳಿ, ಅಲಸಂದೆ, ಅವರೆ, ಯಾವುದಾದರೂ ಸರಿ. ಕರಗಿದ ಮಾಂಸಖಂಡ ಮತ್ತೆ ತುಂಬಬೇಕಾದರೆ ಪ್ರೋಟೀನ್ ಬೇಕು. ದಿನಕ್ಕೆ ಒಂದು ಮೊಟ್ಟೆ, ಶನಿವಾರ ಬೇಡ ಅಂದರು, ಆಗಲಿ, ಅವತ್ತು ಒಂದು ಬಟ್ಟಲು ಮೊಸರು ಜಾಸ್ತಿ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತು ಸಲ. ನಕ್ಕರು, ಆದರೆ ಮಾಡಿದರು.

ಶನಿವಾರ ಒಪ್ಪೊತ್ತು ಇರುತ್ತಿದ್ದರು, ಸೂಜಿ ಮಾತ್ರ ಎರಡೂ ಹೊತ್ತು ಪೂರ್ತಿ! ಅದು ಮೂರನೇ ಭೇಟಿಯಲ್ಲಿ ಬಾಯಿಬಿಟ್ಟ ಸಂಗತಿ. ಇನ್ಸುಲಿನ್ ತಗೊಳ್ಳುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಶುಗರ್ ಇಳಿದಾಗ ಏನು ಮಾಡಬೇಕು ಅನ್ನುವುದನ್ನು ದೊಡ್ಡ ಮಗನಿಗೂ ಕಲಿಸಿದೆ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸುವುದು. 15 ನಿಮಿಷ ಬಿಟ್ಟು ನೋಡುವುದು. 70 ದಾಟದಿದ್ದರೆ ಮತ್ತೆ ಅಷ್ಟೇ. ಕೊಬ್ಬರಿ ಮಿಠಾಯಿ ಆಗುವುದಿಲ್ಲ, ಕೊಬ್ಬಿನ ಅಂಶ ಇದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು. ಹೊಟ್ಟೆಯಲ್ಲಿ ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಗಂಟು ಕಟ್ಟಿತ್ತು, ಜಾಗ ಬದಲಿಸಲು ಹೇಳಿದೆ.

ಎಂಟು ತಿಂಗಳಿಗೆ 58 ಕಿಲೋ ಆದರು. ಆಗ ಹೊಸ ದಿಗಿಲು. "ಊದ್ಕೋತಿದೀನಿ ಮೇಡಂ, ರಾತ್ರಿ ಸೂಜಿ ಬಿಟ್ಬಿಡ್ಲಾ?" ಬೇಡ, ಬಿಟ್ಟರೆ ಅದೇ ತೂತು ಮತ್ತೆ ತೆರೆಯುತ್ತದೆ. ಕೆದಕಿ ಕೇಳಿದಾಗ ಸಿಕ್ಕಿದ್ದು ಬಿಸ್ಕತ್ತು. ಶುಗರ್ ಎಲ್ಲಿ ಇಳಿದೀತೋ ಅಂತ ದಿನಾ ಮಲಗುವ ಮುಂಚೆ ನಾಲ್ಕು ತಿನ್ನುತ್ತಿದ್ದರು. ಆದರೆ ಅಳತೆ 70ಕ್ಕಿಂತ ಕೆಳಗೆ ಹೋಗದೆ ಮೂರು ತಿಂಗಳಾಗಿತ್ತು. ಬಿಸ್ಕತ್ತು ನಿಲ್ಲಿಸಿದೆವು, ಸೂಜಿ ಹಾಗೇ ಇದೆ.

ಬಳೆ ಈಗ ಮಣಿಕಟ್ಟಿನಲ್ಲೇ ನಿಲ್ಲುತ್ತವೆ. ಅತ್ತೆಯೂ ಈಗ ಸೊಸೆಯ ಜೊತೆಗೇ ಊಟಕ್ಕೆ ಕೂರುತ್ತಾರಂತೆ, ಗಂಡಸರು ಇನ್ನೂ ಒಂಬತ್ತಕ್ಕೇ. ಕಣ್ಣಿನ ಪರೀಕ್ಷೆ ಮಾತ್ರ ಬಾಕಿ ಇದೆ. ಕೊಬ್ಬರಿ ಸುಲಿಯುವ ಕೆಲಸ ಮುಗಿಯಲಿ ಅಂತಿದ್ದಾರೆ. ಬರುವ ಸೋಮವಾರಕ್ಕೆ ನಾನೇ ಚೀಟಿ ಬರೆಸಿ ಇಟ್ಟಿದ್ದೇನೆ.