ಎಂಟು ಜನ ಎಳೆಯೋರು, ಒಬ್ಬಳು ಕೂಗೋಳು

ಕೇಂಬ್ರಿಡ್ಜಿನಲ್ಲಿ ಓದುವಾಗ ಕಾಲೇಜಿನ ದೋಣಿ ತಂಡದಲ್ಲಿದ್ದೆ ಎಂದು ಕಳೆದ ತಿಂಗಳು ಇಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಉಳಿದ ಪ್ರಶ್ನೆಗಳವರು ಒಂದು ತಿಂಗಳು ಕಾಯಬೇಕು.

ಸಾಗರದ ಓದುಗರು: ನಿಮ್ಮ ಫೋಟೋ ನೋಡಿದರೆ ಹುಟ್ಟು ಹಾಕುವವರ ಥರ ಕಾಣುವುದಿಲ್ಲ. ನಿಜವಾಗಿ ದೋಣಿ ನಡೆಸಿದ್ದೀರಾ?

ಸರಿಯಾಗಿ ಹಿಡಿದಿರಿ. ಪಂದ್ಯದಲ್ಲಿ ನಾನು ಒಂದು ದಿನವೂ ಹುಟ್ಟು ಮುಟ್ಟಿದವಳಲ್ಲ. ಆಗ ನನ್ನ ತೂಕ 44 ಕೆಜಿ. 2003ರ ಅಕ್ಟೋಬರಿನಲ್ಲಿ ಕಾಲೇಜು ಸೇರಿದ ಮೊದಲ ವಾರ, ಊಟದ ಸಾಲಿನಲ್ಲಿ ಆರಡಿ ಎತ್ತರದ ಹುಡುಗಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಜೋರಾಗಿ ಕೂಗೋಕೆ ಬರುತ್ತಾ?" ಎಂದು ಕೇಳಿದಳು. ನಾನು ತೀರ್ಥಹಳ್ಳಿ ಕಡೆಯ ತೋಟದ ಮನೆಯವಳು. ಆಚೆ ಮನೆಯವರ ಹತ್ತಿರ ಕೂ ಹಾಕಿಯೇ ಮಾತು. ಬರುತ್ತೆ ಎಂದೆ. ಮರುದಿನ ಬೆಳಿಗ್ಗೆ ಆರಕ್ಕೆ ಕ್ಯಾಮ್ ನದಿಯ ದಡದಲ್ಲಿದ್ದೆ.

ಎಂಟು ಜನರ ದೋಣಿ ಸುಮಾರು 60 ಅಡಿ ಉದ್ದ. ಅಗಲ ಮಾತ್ರ ಕೂತವರ ಸೊಂಟದಷ್ಟೇ. ಹುಟ್ಟು ಎಳೆಯುವ ಎಂಟೂ ಜನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾರೆ. ಮುಂದೆ ಏನಿದೆ ಎಂದು ಕಾಣುವುದು ಹಿಂತುದಿಯಲ್ಲಿ ಮಂಡಿ ಮಡಚಿ ಕೂತ ಒಬ್ಬರಿಗೆ. ಅವರೇ ಕಾಕ್ಸ್. ಎರಡು ಕೈಯಲ್ಲಿ ಎರಡು ದಾರ, ಅದರ ತುದಿಗೆ ಇಸ್ಪೀಟ್ ಎಲೆಗಿಂತ ಸ್ವಲ್ಪ ದೊಡ್ಡದಾದ ಚುಕ್ಕಾಣಿ. ಅಷ್ಟರಲ್ಲಿ ಆ ಉದ್ದನೆಯ ಬೊಂಬನ್ನು ತಿರುಗಿಸಬೇಕು.

ಮೈಸೂರಿನ ನಿವೃತ್ತ ಮೇಷ್ಟ್ರು: ಕೂಗೋದಕ್ಕೇ ಒಬ್ಬರನ್ನು ಕೂರಿಸಿಕೊಂಡು ಎಳೆಯಬೇಕಾ? ದಂಡದ ಭಾರ ಅಲ್ವಾ?

ಭಾರವೇ ಸಾರ್. ಅದಕ್ಕೇ ನನ್ನಂಥ ಕಡ್ಡಿಯನ್ನು ಹುಡುಕುವುದು. ಪುರುಷರ ತಂಡಗಳೂ ಇದೇ ಲೆಕ್ಕದಲ್ಲಿ ಹೆಣ್ಣುಮಕ್ಕಳನ್ನು ಕಾಕ್ಸ್ ಮಾಡಿಕೊಳ್ಳುತ್ತವೆ. 1981ರಲ್ಲಿ ಆಕ್ಸ್‌ಫರ್ಡ್-ಕೇಂಬ್ರಿಡ್ಜ್ ಪುರುಷರ ಪಂದ್ಯದಲ್ಲಿ ಆಕ್ಸ್‌ಫರ್ಡ್ ದೋಣಿಯನ್ನು ನಡೆಸಿ ಗೆಲ್ಲಿಸಿದ್ದು ಸೂಸನ್ ಬ್ರೌನ್. ಆ ಪಂದ್ಯದ ಮೊದಲ ಮಹಿಳೆ ಆಕೆ.

ಎಳೆಯುವವರಿಗೆ ಜನವರಿಯಲ್ಲೂ ಬೆವರು. ನನಗೆ ನಡುಕ. ಎರಡು ಸ್ವೆಟರ್, ಅದರ ಮೇಲೆ ಲೈಫ್ ಜಾಕೆಟ್, ತಲೆಗೆ ಅಜ್ಜಿ ಹೆಣೆದ ಕಂದು ಮಂಕಿಕ್ಯಾಪ್, ಅದರ ಮೇಲೆ ಮೈಕಿನ ಪಟ್ಟಿ. ಸೀಟುಗಳ ಕೆಳಗೆ ಸ್ಪೀಕರ್. ಇಂಗ್ಲಿಷ್ ಕೈಕೊಟ್ಟಾಗ ಬಾಯಿಂದ "ಎಳೀರೇ, ಎಳೀರೇ" ಎಂದು ಬಂದುಬಿಡುತ್ತಿತ್ತು. ಎರಡು ವಾರ ಆದಮೇಲೆ ಮೂರನೇ ಸೀಟಿನವಳು ಗಂಭೀರವಾಗಿ ಕೇಳಿದಳು, "ಎಳೀರೇ ಅಂದರೆ ಎಷ್ಟು ಸ್ಟ್ರೋಕ್, ಎಷ್ಟು ಸಲ ಹುಟ್ಟು ಎಳೀಬೇಕು?"

ಹತ್ತು ಎಂದೆ.

ಬೆಂಗಳೂರಿನ ತಾಯಿ: ಹೊರದೇಶದಲ್ಲಿ ಓದುವ ಮಗಳು ರೋಯಿಂಗ್ ಸೇರಿದ್ದಾಳೆ. ಈಜು ಅಷ್ಟಕ್ಕಷ್ಟೇ. ಬಿಡಿಸಲಾ?

ಬಿಡಿಸಬೇಡಿ, ಈಜು ಕಲಿಯಲು ಹೇಳಿ. ನನಗೆ ಈಜು ಪರೀಕ್ಷೆ ಮಾಡಿಯೇ ದೋಣಿ ಹತ್ತಿಸಿದ್ದರು. ಅಂಗೈಯ ಬೊಬ್ಬೆ ತೋರಿಸಿ ವಿಡಿಯೋ ಕಾಲಿನಲ್ಲಿ ಅತ್ತರೆ ಕರಗಬೇಡಿ. ಅದು ಅರ್ಧ ಗೋಳು, ಅರ್ಧ ಜಂಬ.

ಹೊನ್ನಾವರದ ಓದುಗರು: ಅದೆಲ್ಲ ಇರಲಿ, ಗೆದ್ದಿರಾ?

ಒಂದು ದಿನ ಗೆದ್ದೆವು. ಆದರೆ ನೆನಪಿರುವುದು ಮರುದಿನದ್ದು.

ನಿಮ್ಮ ಶರಾವತಿಯ ಮುಂದೆ ಕ್ಯಾಮ್ ಒಂದು ಕಾಲುವೆ. ದೋಣಿಗಳು ಅಕ್ಕಪಕ್ಕ ಓಡುವಷ್ಟು ಜಾಗವಿಲ್ಲ. ಅದಕ್ಕೆ ಅಲ್ಲಿ 1827ರಿಂದ ಬಂಪ್ಸ್ ಎಂಬ ಪಂದ್ಯ ನಡೆಯುತ್ತದೆ. ದೋಣಿಗಳನ್ನು ಒಂದರ ಹಿಂದೆ ಒಂದು, ಒಂದೂವರೆ ದೋಣಿಯಷ್ಟು ಅಂತರ ಬಿಟ್ಟು ನಿಲ್ಲಿಸುತ್ತಾರೆ. ತೋಪು ಹಾರಿದ ಕೂಡಲೇ ಮುಂದಿನವರನ್ನು ಹೋಗಿ ಮುಟ್ಟಬೇಕು, ಹಿಂದಿನವರು ನಮ್ಮನ್ನು ಮುಟ್ಟುವುದರೊಳಗೆ. ಮುಟ್ಟಿದರೆ ಮರುದಿನ ಅವರ ಜಾಗ ನಮಗೆ. ಹೀಗೆ ನಾಲ್ಕು ದಿನ. ಜೂನ್‌ನಲ್ಲಿ ನಡೆದರೂ ಹೆಸರು ಮೇ ಬಂಪ್ಸ್. ಮೊದಲು ಮೇ ತಿಂಗಳಲ್ಲಿತ್ತಂತೆ, ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಿಲ್ಲ. ಆಟ ಅಂದುಕೊಳ್ಳಬೇಡಿ, 1888ರಲ್ಲಿ ಹಿಂದಿನ ದೋಣಿಯ ಮೂತಿ ಚುಚ್ಚಿ ಒಬ್ಬ ವಿದ್ಯಾರ್ಥಿ ಸತ್ತಿದ್ದ. ಆಮೇಲೆ ಮೂತಿಗೆ ರಬ್ಬರ್ ಚೆಂಡು ಬಂತು.

2004ರ ಜೂನ್. ಬುಧವಾರ ಮುಂದಿನ ದೋಣಿಯನ್ನು ಮುಟ್ಟಿದೆವು. ಗೆದ್ದವರು ದಡದ ಕೊಂಬೆ ಮುರಿದು ತಲೆಗೆ ಸಿಕ್ಕಿಸಿಕೊಳ್ಳುವುದು ವಾಡಿಕೆ. ನಾನು ಜಡೆ ತುಂಬ ಎಲೆ ಮುಡಿದು ರಾತ್ರಿ ಊಟಕ್ಕೂ ಹಾಗೇ ಹೋದೆ.

ಗುರುವಾರ. ದಡದಲ್ಲಿ ಸೈಕಲ್ ಮೇಲೆ ಬರುವ ಕೋಚ್ ಸೀಟಿ ಊದುತ್ತಾಳೆ. ಒಂದು ಸೀಟಿ ಎಂದರೆ ಮುಂದಿನವರು ಒಂದು ದೋಣಿ ದೂರ. ಎರಡು ಎಂದರೆ ಅರ್ಧ, ಮೂರು ಎಂದರೆ ಕಾಲು. ಗ್ರಾಸಿ ಕಾರ್ನರ್ ಎಂಬ ತಿರುವು ಬರುವಾಗ ಮೂರು ಸೀಟಿ ಕೇಳಿತು. ನನ್ನ ಕಣ್ಣು ಮುಂದಿನ ದೋಣಿಯ ಬಾಲದ ಮೇಲೆ. ತಿರುವನ್ನು ನೋಡಲೇ ಇಲ್ಲ. ದಾರ ಎಳೆಯುವ ಹೊತ್ತಿಗೆ ತಡವಾಗಿತ್ತು. ದೋಣಿ ಸೀದಾ ಜೊಂಡಿಗೆ ನುಗ್ಗಿತು. ಒಂದು ಹುಟ್ಟು ಕೆಸರಿನಲ್ಲಿ ನೆಟ್ಟುಕೊಂಡಿತು. ಬಾತುಕೋಳಿಯೊಂದು ಬೈಯುತ್ತ ಎದ್ದು ಹೋಯಿತು. ಹಿಂದಿನಿಂದ ತಟ್ ಎಂದು ಒಂದು ಸಣ್ಣ ಸದ್ದು, ಅಷ್ಟೇ.

ಮುಟ್ಟಿದ್ದನ್ನು ಒಪ್ಪಿಕೊಂಡು ಕೈ ಎತ್ತುವುದೂ ಕಾಕ್ಸ್ ಕೆಲಸವೇ. ಎತ್ತಿದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಬಿಟ್ಟವನು ನೆಲ ನೋಡಿಕೊಂಡು ನಿಲ್ಲಬಹುದು. ಇಲ್ಲಿ ಎಂಟೂ ಜನ ನನ್ನ ಕಡೆಗೇ ಮುಖ ಮಾಡಿ ಕೂತಿದ್ದಾರೆ, ಏದುಸಿರು ಬಿಡುತ್ತ. ಎದುರಿಗಿದ್ದ ಸ್ಟ್ರೋಕ್ ಸೀಟಿನವಳು, ಅಂದರೆ ಉಳಿದವರಿಗೆಲ್ಲ ಲಯ ಹಿಡಿದುಕೊಡುವವಳು, ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಹೇಳಿದಳು, "ನಿನ್ನ ಮೈಕ್ ಆನ್ ಇದೆ." ನಾನು ಅಷ್ಟು ಹೊತ್ತೂ ನನಗೆ ನಾನೇ ಬೈದುಕೊಳ್ಳುತ್ತಿದ್ದೆ, ಅಚ್ಚ ತೀರ್ಥಹಳ್ಳಿ ಕನ್ನಡದಲ್ಲಿ. ಸ್ಪೀಕರುಗಳೆಲ್ಲ ಅದನ್ನೇ ಹೇಳುತ್ತಿದ್ದವು.

ಉಳಿದ ಎರಡು ದಿನ ನಾವು ಯಾರನ್ನೂ ಮುಟ್ಟಲಿಲ್ಲ, ನಮ್ಮನ್ನೂ ಯಾರೂ ಮುಟ್ಟಲಿಲ್ಲ. ಹೊರಟ ಜಾಗದಲ್ಲೇ ಮುಗಿಸಿದೆವು. ಗೆದ್ದ ತಂಡ ಕಾಕ್ಸನ್ನು ಎತ್ತಿ ನದಿಗೆ ಎಸೆಯುತ್ತದೆ, ಅದು ಖುಷಿಗೆ. ನಮ್ಮವರು ಶನಿವಾರ ಸಂಜೆ ಗೆಲ್ಲದೇ ಎಸೆದರು. ಇದು ಗ್ರಾಸಿ ಕಾರ್ನರಿನ ಬಾಕಿ ಎಂದರು.