ಸೇನಾ ನೆಲೆಯಲ್ಲಿ ಬೆಳೆದ ಬಡಾವಣೆಯ ಕಟ್ಟಳೆಗಳು: ಸಂಪಾದಕರ ಉತ್ತರ

ಮಾನ್ಯರೇ,

ಜರ್ಮನಿಯ ಫ್ರೈಬುರ್ಗ್ ನಗರದ ವೊಬಾನ್ ಬಡಾವಣೆಯನ್ನು ಕುರಿತ ನಮ್ಮ ಲೇಖನವನ್ನು ಓದಿದ ತಾವು, ‘ಮನೆಯ ಮುಂದೆ ಕಾರು ನಿಲ್ಲಿಸಲೂ ಬಿಡದ ಆ ಜಾಗದಲ್ಲಿ ಸೈನಿಕರು ಹೋದರೂ ಸೈನ್ಯದ ಶಿಸ್ತು ಹೋಗಿಲ್ಲವೇ?’ ಎಂದು ಕೇಳಿದ್ದೀರಿ. ಚುಚ್ಚುಮಾತಾದರೂ ಪ್ರಶ್ನೆ ಉಚಿತವಾಗಿದೆ.

1930ರ ದಶಕದಲ್ಲಿ ಜರ್ಮನ್ ಸೇನೆಗಾಗಿ ಕಟ್ಟಿದ ಅಲ್ಲಿನ ಬ್ಯಾರಕ್ಕುಗಳು ಮಹಾಯುದ್ಧದ ಬಳಿಕ ಫ್ರೆಂಚ್ ಸೇನೆಯ ವಶದಲ್ಲಿದ್ದವು. 1992ರಲ್ಲಿ ಆ ಸೇನೆ ಜಾಗ ತೆರವು ಮಾಡಿದಾಗ, ನೂರಾರು ಮಾಲೀಕರೊಡನೆ ಚೌಕಾಸಿಗೆ ಇಳಿಯಬೇಕಾದ ಪ್ರಮೇಯವೇ ಇಲ್ಲದೆ, ಬಹುಪಾಲು ಜಮೀನನ್ನು ನಗರಾಡಳಿತವು ಕೇಂದ್ರ ಸರ್ಕಾರದಿಂದ ಒಟ್ಟಾಗಿ ಕೊಂಡಿತು. ನನಗೆ ತೋರುವಂತೆ ಇಡೀ ವಿಷಯದ ಮರ್ಮವಿರುವುದು ಇಲ್ಲಿ. ಜಮೀನು ತನ್ನದೇ ಆಗಿದ್ದುದರಿಂದಲೇ, ಮನೆಗಳು ಇಂಧನವನ್ನು ಮಿತವಾಗಿ ಬಳಸುವಂತಿರಬೇಕೆಂಬ ಷರತ್ತು ಹಾಕಲು, ಹಲವು ಕುಟುಂಬಗಳು ಕೂಡಿ ಒಂದು ಕಟ್ಟಡವನ್ನು ತಾವೇ ಯೋಜಿಸಿ ಕಟ್ಟಿಸಿಕೊಳ್ಳುವ ಗುಂಪುಗಳಿಗೆ ನಿವೇಶನ ಕೊಡಲು ಅದಕ್ಕೆ ಸಾಧ್ಯವಾಯಿತು.

ಇನ್ನು ಕಾರಿನ ಮಾತು. ಬಡಾವಣೆಯ ಬಹುತೇಕ ವಸತಿ ಬೀದಿಗಳಲ್ಲಿ ಸಾಮಾನು ಇಳಿಸಿಕೊಳ್ಳಲು ಕಾರು ತರಬಹುದು, ನಿಲ್ಲಿಸಿ ಹೋಗುವಂತಿಲ್ಲ. ಕಾರುಳ್ಳವರು ಅಂಚಿನಲ್ಲಿರುವ ಬಹುಮಹಡಿ ನಿಲುಗಡೆ ಕಟ್ಟಡದಲ್ಲಿ ಜಾಗ ಕೊಳ್ಳಬೇಕು. ಆದರೆ ಗಮನಿಸಿ: ಪ್ರತಿ ಮನೆಗೂ ಒಂದು ಕಾರಿನ ಜಾಗ ಇರಲೇಬೇಕೆಂದು ಹೇಳುತ್ತಿದ್ದುದು ರಾಜ್ಯದ ಕಟ್ಟಡ ಕಾನೂನು, ಬೇಡವೆಂದು ಪಟ್ಟು ಹಿಡಿದವರು ನಿವಾಸಿಗಳು. ಅದಕ್ಕಾಗಿ ಸಂಘವೊಂದು ಹುಟ್ಟಿತು; ಕಾರಿಲ್ಲದ ಕುಟುಂಬಗಳು ತಮ್ಮ ಬಳಿ ಕಾರಿಲ್ಲವೆಂದು ವರ್ಷವರ್ಷವೂ ಬರೆದುಕೊಟ್ಟು, ಮುಂದೆ ಅಗತ್ಯ ಬಿದ್ದರೆ ನಿಲುಗಡೆ ಕಟ್ಟಡ ಕಟ್ಟಲೆಂದು ಖಾಲಿ ಬಿಟ್ಟ ಜಾಗಕ್ಕೆ ಒಮ್ಮೆ ಹಣ ತೆತ್ತರೆ ಕಾನೂನಿಗೆ ಸಮಾಧಾನ. ಮೇಲಿನಿಂದ ಬಂದ ಆಜ್ಞೆಯನ್ನು ಪಾಲಿಸುವುದಕ್ಕೂ, ಕಾನೂನಿನಿಂದ ಬಿಡಿಸಿಕೊಳ್ಳಲು ತಾವೇ ಒಪ್ಪಿ ಒಂದು ಕಟ್ಟು ಹಾಕಿಕೊಳ್ಳುವುದಕ್ಕೂ ಅಂತರವಿದೆ. 2006ರಲ್ಲಿ ಟ್ರ್ಯಾಮ್ ಬಂದ ಮೇಲಂತೂ ಆ ಕಟ್ಟು ಹಗುರವಾಯಿತು.

ಆದರೂ ತಮ್ಮ ಅನುಮಾನವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಒಟ್ಟಾಗಿ ಮನೆ ಕಟ್ಟುವುದಕ್ಕೆ ಹಣವಲ್ಲದೆ ಸಂಜೆಗಟ್ಟಲೆ ಸಭೆಯಲ್ಲಿ ಕೂರುವ ಬಿಡುವೂ ಬೇಕು. ಇವೆರಡೂ ಇದ್ದ ಸುಶಿಕ್ಷಿತ ಮಧ್ಯಮವರ್ಗದವರಿಗೇ ಬಡಾವಣೆ ಹೆಚ್ಚಾಗಿ ಒಲಿಯಿತು. ಕಡಿಮೆ ಬಾಡಿಗೆಯ ವಾಸಕ್ಕಾಗಿ ಹೋರಾಡಿದ ಗುಂಪೊಂದು ನಾಲ್ಕು ಹಳೆಯ ಬ್ಯಾರಕ್ಕುಗಳನ್ನು ಉಳಿಸಿಕೊಂಡಿತು, ಇನ್ನು ಕೆಲವು ವಿದ್ಯಾರ್ಥಿಗಳ ವಸತಿಯಾದವು. ಆದರೆ ಬಡಾವಣೆಯ ಪ್ರವೇಶದ ಬಳಿ ಬಂಡಿಮನೆಗಳನ್ನು ನಿಲ್ಲಿಸಿಕೊಂಡು ವಾಸವಾಗಿದ್ದವರನ್ನು 2011ರಲ್ಲಿ ಪೊಲೀಸರು ಎಬ್ಬಿಸಿದರು. ತಾವು ಹೇಳುವ ಶಿಸ್ತು ನನಗೆ ಕಾಣುವುದು ಕಾರಿನ ನಿಯಮದಲ್ಲಲ್ಲ, ಆ ತೆರವಿನಲ್ಲಿ.

— ಸಂಪಾದಕ